ಸಾನಿಯಾ ರೈಲು ಹತ್ತಿದ ಅಧ್ಯಾಯ ಎಲ್ಲಿ, ಅಧ್ಯಕ್ಷರೇ?

ಪಠ್ಯಪುಸ್ತಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಾದಂಬರಿಯೊಂದನ್ನು ಪೂರ್ತಿ ಓದಿದ ತಪ್ಪಿಗೆ ನನ್ನ ವಿದ್ಯಾರ್ಥಿನಿ ಇಬ್ತಿಹಾಲ್‌ಗೆ ನಿಮ್ಮವರು ಸೊನ್ನೆ ದಯಪಾಲಿಸಿದ್ದಾರೆ. ಇಪ್ಪತ್ತಕ್ಕೆ ಸೊನ್ನೆ!

ವಿದ್ಯಾರ್ಥಿಗಳಿಗೆ ಆಧುನಿಕ ಅರಬ್ಬಿ ಸಾಹಿತ್ಯವನ್ನು ಪರಿಚಯಿಸಲು ನೀವು ಹೊರತಂದ ಪುಸ್ತಕದಲ್ಲಿ ಆ ಕಾದಂಬರಿ ಒಂಬತ್ತನೆಯ ಅಧ್ಯಾಯಕ್ಕೇ ಮುಗಿಯುತ್ತದೆ. ಹಳ್ಳಿ ಹುಡುಗಿ ಸಾನಿಯಾಳ ಮದುವೆ, ಶರಬತ್ತು, ಶುಭಂ. ಆದರೆ ಬರೆದಾತ ಬರೆದದ್ದು ಹತ್ತು ಅಧ್ಯಾಯ. ಹತ್ತನೆಯದರಲ್ಲಿ ಸಾನಿಯಾ ಗಂಡನ ಮನೆಯಿಂದ ಎದ್ದು, ಗಿರಣಿಗಳ ಊರಾದ ಮಹಲ್ಲಾದ ರೈಲು ಹತ್ತಿ, ಅಲ್ಲಿನ ಹತ್ತಿ ಗಿರಣಿಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಇಷ್ಟಕ್ಕೇ ಸಮಿತಿಗೆ ಬೆವರು ಕಿತ್ತುಬಂತೇ? ಅಂತ್ಯವನ್ನು ಕಿತ್ತು ಕಾದಂಬರಿಗೆ ಅಂತ್ಯಕ್ರಿಯೆ ಮಾಡಿದ್ದೀರಿ. ರುಂಡವಿಲ್ಲದ ಮುಂಡವನ್ನು ತೋರಿಸಿ ‘ಇವರು ನಮ್ಮ ಮಾವ’ ಎಂದರೆ ಅದು ಪರಿಚಯವೇ?

ಸಾನಿಯಾಳ ಬದುಕು ಕೊನೆಗೆ ಎಲ್ಲಿ ನೆಲೆ ಕಂಡಿತು ಎಂಬುದು ಪರೀಕ್ಷೆಯ ಪ್ರಶ್ನೆ. ಹಳೆ ಪುಸ್ತಕದ ಅಂಗಡಿಯಿಂದ ಮೂಲವನ್ನೇ ತಂದು ಓದಿದ್ದ ಇಬ್ತಿಹಾಲ್, ಗಿರಣಿಯ ಬಗ್ಗೆ ನಾಲ್ಕು ಪುಟ ಬರೆದಳು. ಸೊನ್ನೆ ಬಂದಾಗ ಇಬ್ಬರೂ ಪರೀಕ್ಷಾ ಕಚೇರಿಯ ಅಹವಾಲಿನ ಕಿಟಕಿಗೆ ಹೋದೆವು.

“ನಾವು ಅಂಕ ಕೂಡಿದ್ದು ಸರಿನಾ ಅಂತ ನೋಡ್ತೀವಿ ಮೇಷ್ಟ್ರೇ, ಉತ್ತರ ಓದಲ್ಲ,” ಎಂದರು ಒಳಗಿದ್ದ ಗುಮಾಸ್ತೆ.

“ಸೊನ್ನೇಲಿ ಏನಮ್ಮ ಕೂಡ್ತೀರಿ?”

“ಅದೆಲ್ಲ ಸರಿಯಾಗೇ ಇದೆ. ಮಾದರಿ ಉತ್ತರದಲ್ಲಿ ಹುಡುಗಿ ಗಂಡನ ಮನೇಲಿ ಸುಖವಾಗಿದಾಳೆ. ನೀನ್ಯಾಕಮ್ಮಾ ಓಡಿಸ್ಬಿಟ್ಟೆ?”

“ನಾನ್ ಓಡಿಸ್ಲಿಲ್ಲ ಅಕ್ಕ, ಅವಳೇ ಹೋದ್ಲು,” ಎಂದಳು ಇಬ್ತಿಹಾಲ್.

“ಒಳ್ಳೇದೇ ಮಾಡಿದ್ಲು ಬಿಡಮ್ಮ!” ಎಂದಿತು ಸಾಲಿನ ಹಿಂದಿನಿಂದೊಂದು ಹೆಣ್ಣು ದನಿ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅರಬ್ಬಿ ಸಾಹಿತ್ಯ ವಿಭಾಗದ ಸೀಟಿಗೆ ಅವಳಿಗೆ ಕಡಿಮೆ ಬಿದ್ದದ್ದು ಹನ್ನೊಂದೇ ಅಂಕ. ಗುರುವಾರ ಪ್ರವೇಶದ ಪಟ್ಟಿ ಮುಚ್ಚುತ್ತದೆ. ಆಮೇಲೆ ಸಾಹಿತ್ಯವನ್ನು ಪ್ರೀತಿಸಿದ ಈ ಹುಡುಗಿ ವಾಣಿಜ್ಯ ವಿಭಾಗದಲ್ಲಿ ಕೂರಬೇಕು.

“ಮೇಷ್ಟ್ರೇ, ಗೊತ್ತಿದ್ದೂ ಸುಳ್ಳು ಬರೀಬೇಕಿತ್ತಾ?” ಎಂದು ದಾರಿಯಲ್ಲಿ ಕೇಳಿದಳು. ಮೂವತ್ತೊಂದು ವರ್ಷ ಪಾಠ ಹೇಳಿದ ನಾನು ಆ ಪ್ರಶ್ನೆಯನ್ನು ನಿಮಗೇ ಒಪ್ಪಿಸುತ್ತಿದ್ದೇನೆ. ನಿಮ್ಮ ಬಳಿ ಇದಕ್ಕೂ ಒಂದು ಮಾದರಿ ಉತ್ತರವಿದೆಯೇ?

ಗುರುವಾರದೊಳಗೆ ಅವಳ ಉತ್ತರವನ್ನು ಓದಬಲ್ಲ ಒಬ್ಬರಿಂದ ಓದಿಸಿ. ಸೊನ್ನೆಯೇ ಸರಿ ಎನ್ನುವುದಾದರೆ ಅದರ ಪಕ್ಕದಲ್ಲಿ ‘ಈ ಕಾದಂಬರಿಯನ್ನು ನಾನು ಪೂರ್ತಿ ಓದಿದ್ದೇನೆ’ ಎಂದು ಸ್ವಹಸ್ತದಿಂದ ಬರೆದು ಸಹಿ ಮಾಡಿ. ಅಷ್ಟು ಬರೆಯಲು ಕೈ ಬಾರದಿದ್ದರೆ, ಹುಡುಗಿಯ ಅಂಕ ಹುಡುಗಿಗೆ ಕೊಡಿ.

ಇಂತಿ,
ಕೊನೆಯ ಪುಟದವರೆಗೂ ಓದಿರೆಂದು ಮಕ್ಕಳನ್ನು ಕೆಡಿಸಿದ,
ರಿಫಾತ್, ಅರಬ್ಬಿ ಮೇಷ್ಟ್ರು, ಟಾಂಟಾ