ಟೇಪು ತುಂಬಿದ್ದನ್ನು ನಾನು ನೋಡಲಿಲ್ಲ

ಜಯಕ್ಕ,

ನೀವು ತೀರಿಹೋಗಿ ಎಂಟು ತಿಂಗಳಾಯಿತು. ನಿಮಗೊಂದು ಮಾತು ಹೇಳುವುದಿತ್ತು. ಆ ಮಾತು ಬಚ್ಚಿಟ್ಟ ಮೇಲೂ ಒಂದು ವರ್ಷ ದಿನವೂ ಎದುರಿಗೆ ಸಿಗುತ್ತಿದ್ದಿರಿ. ಆದರೂ ನಾನು...

ಪಾಂಡವಪುರದ ನಮ್ಮ ಕಣ್ಣಾಸ್ಪತ್ರೆಗೆ ಕಂಪ್ಯೂಟರು ಬಂದ ದಿನ ನೆನಪಾಗುತ್ತದೆ. ಇಪ್ಪತ್ತು ವರ್ಷ ರಿಜಿಸ್ಟರಿನಲ್ಲಿ ರೋಗಿಗಳ ಹೆಸರು ಬರೆದಿದ್ದ ನೀವು, ಐವತ್ತು ದಾಟಿದ ಮೇಲೆ ಒಂದೊಂದೇ ಬೆರಳಿಟ್ಟು ಟೈಪು ಮಾಡುವುದನ್ನು ಕಲಿತಿರಿ. ಶ್ರೀರಂಗಪಟ್ಟಣದ ನಮ್ಮ ಮನೆಯ ಕುಲುಮೆ ಕೆಲಸ ಬಿಟ್ಟು ಕಂಪ್ಯೂಟರ್ ಕೋರ್ಸು ಮುಗಿಸಿ ಬಂದಿದ್ದ ನಾನು, ನಿಮಗೇ ಕಲಿಸುವವನಂತೆ ಬೀಗುತ್ತಿದ್ದೆ. ಆದರೆ ಕಂಪ್ಯೂಟರು ಕೆಟ್ಟರೂ ಹೆಸರುಗಳು ಉಳಿಯಲೆಂದು ಪ್ರತಿ ಶನಿವಾರ ತೆಗೆಯುವ ನಕಲು, ಅಂದರೆ ಬ್ಯಾಕಪ್ಪು, ಟೇಪಿನಲ್ಲಿ ಎಷ್ಟು ಜಾಗ ಹಿಡಿಯಿತೆಂದು ಪುಸ್ತಕದಲ್ಲಿ ಬರೆದು, ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡುವುದು ನಿಮ್ಮದೇ ಉಪಾಯ.

"ಕೂಸಿನ ತೂಕ ನೋಡ್ದಂಗೆ ಕಣ್ಲಾ ರಮೇಶ," ಅಂದಿದ್ದಿರಿ. "ವಾರವಾರ ನೋಡ್ತಿದ್ರೆ ಟೇಪು ಯಾವಾಗ ತುಂಬ್ತದೆ ಅಂತ ಮುಂಚೇನೇ ಗೊತ್ತಾಯ್ತದೆ. ತುಂಬೋದ್ಮೇಲೆ ನೋಡಿ ಏನ್ ಮಾಡ್ತೀಯ?"

ಆಮೇಲೊಮ್ಮೆ ನೀವು ಕಾಲು ಮುರಿದುಕೊಂಡು ಮೂರು ತಿಂಗಳು ಮನೆಯಲ್ಲಿದ್ದಿರಿ. ಪುಸ್ತಕ ನನ್ನ ಕೈಗೆ ಬಂತು. ಆಗಲೇ ನಾಗಮಂಗಲದ ಕಡೆ ಹೊಸದಾಗಿ ಕ್ಯಾಂಪು ಶುರುವಾಗಿ, ಹೊಣಕೆರೆ, ದೇವಲಾಪುರದಿಂದ ಜನ ವ್ಯಾನು ತುಂಬಿ ಬರುತ್ತಿದ್ದರು. ನಾನು ಶನಿವಾರ ಬ್ಯಾಕಪ್ಪಿಗೆ ಹಾಕಿ, ಅದು ಮುಗಿಯುವ ಮೊದಲೇ ಸಿನಿಮಾ ನೋಡಲು ಮೈಸೂರಿನ ಬಸ್ಸು ಹತ್ತುತ್ತಿದ್ದೆ. ಸೋಮವಾರ ಪರದೆಯ ಮೇಲೆ ಏನೋ ಸೂಚನೆ ಇರುತ್ತಿತ್ತು, ಓದದೆ ಅಳಿಸುತ್ತಿದ್ದೆ. ಹಿಂದಿನ ಅಂಕಿಗೆ ಒಂದಿಷ್ಟು ಸೇರಿಸಿ ಬರೆದು ಚುಕ್ಕಿ ಇಡುತ್ತಿದ್ದೆ. ಅಷ್ಟು ಸಣ್ಣ ಕೆಲಸಕ್ಕೆ ಯಾಕೆ ಸುಳ್ಳು ಬರೆದೆ?

ಕೋಲು ಊರಿಕೊಂಡು ಮರಳಿ ಬಂದ ದಿನ ನೀವು ಮೊದಲು ನೋಡಿದ್ದೇ ಆ ಗ್ರಾಫು. "ಅಷ್ಟು ಕ್ಯಾಂಪಾದ್ರೂ ಗೆರೆ ಇಷ್ಟು ನೆಟ್ಟಗೈತಲ್ಲ, ಯಾಕ್ಲಾ?"

"ಈ ಸಲ ಜನ ಕಮ್ಮಿ ಕಣಕ್ಕ," ಅಂದೆ.

ನೀವು ನಂಬಿದಿರಿ.

ಅದಾಗಿ ಹತ್ತೇ ದಿನಕ್ಕೆ ಸಿಡಿಲು ಬಡಿದು ಕಂಪ್ಯೂಟರು ಕೆಟ್ಟು, ಅದರಲ್ಲಿದ್ದುದೆಲ್ಲ ಹೋಯಿತು. ಟೇಪು ಹಾಕಿ ನೋಡಿದರೆ ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ತಾಲೂಕುಗಳ ರೋಗಿಗಳ ಹೆಸರು ಇದ್ದವು. ಕೊನೆಯಲ್ಲಿ ಬರಬೇಕಿದ್ದ ನಾಗಮಂಗಲದ ಹೆಸರುಗಳಿಗೆ ಟೇಪಿನಲ್ಲಿ ಜಾಗವೇ ಉಳಿದಿರಲಿಲ್ಲ. ಕ್ಯಾಂಪಿನ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಹರಿದುಹಾಕಿದ್ದೆವು. ಒಂದು ಕಣ್ಣಿನ ಪೊರೆ ತೆಗೆಸಿಕೊಂಡು, ಇನ್ನೊಂದು ಕಣ್ಣಿಗೆ ದಿನ ತಿಳಿಸುವ ನಮ್ಮ ಕಾರ್ಡು ಅಂಚೆಯಲ್ಲಿ ಬರುತ್ತದೆಂದು ಕಾಯುತ್ತಿದ್ದವರು ಯಾರು, ಯಾವ ಊರಿನವರು, ಒಂದೂ ತಿಳಿಯದಂತಾಯಿತು.

ದೊಡ್ಡ ಡಾಕ್ಟರು ಕೇಳಿದಾಗ ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ. "ಪುಸ್ತಕ ನನ್ನ ಜವಾಬ್ದಾರಿ ಸಾರ್. ನಾನು ನೋಡ್ಕಬೇಕಿತ್ತು," ಅಂದಿರಿ. ನಿಮ್ಮನ್ನು ಚೀಟಿ ಕೊಡುವ ಕಿಟಕಿಗೆ ಹಾಕಿದರು. ನಿಮ್ಮ ಕುರ್ಚಿ ನನಗೆ ಬಂತು. ನಾನು ಬಾಯಿ ಬಿಡಲಿಲ್ಲ ಅಕ್ಕ. ನಿಮಗೆ ಅನುಮಾನ ಬಂದಿತ್ತೇ? ಬಂದೂ ಸುಮ್ಮನಿದ್ದಿರೇ? ಎದೆನೋವೆಂದು ನಿಮ್ಮನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ ದಿನವೂ ಹೇಳೋಣವೆಂದು ನಿಮ್ಮ ವಾರ್ಡಿನ ಬಾಗಿಲಿನವರೆಗೆ ಬಂದೆ. ಒಳಗೆ ಬರದೆ ತಿರುಗಿ ಹೋದೆ.

ನೀವು ಹೋದ ಮೇಲೆ ಭಾನುವಾರಗಳಂದು ನಾಗಮಂಗಲದ ಬಸ್ಸು ಹತ್ತತೊಡಗಿದೆ. ಹಾಲಿನ ಡೈರಿ ಮುಂದೆ, ಅರಳಿಕಟ್ಟೆ ಹತ್ತಿರ, ಕಣ್ಣು ಮಾಡಿಸಿಕೊಂಡವರು ಯಾರೆಂದು ಕೇಳಿ ಹೆಸರು ಬರೆದುಕೊಂಡೆ. ಬಹಳಷ್ಟು ಜನ ಸಿಕ್ಕರು, ಎರಡನೇ ಕಣ್ಣೂ ಮಾಡಿಸಿಕೊಂಡರು. ದೇವಲಾಪುರದಲ್ಲಿ ಕಾಳಮ್ಮ ಎಂಬ ಅಜ್ಜಿ ಸಿಕ್ಕಿತು.

"ಕಾರ್ಡು ಬತ್ತದೆ ಅಂದಿದ್ರಲ್ಲಪ್ಪ, ಅದ್ಕೇ ಕಾಯ್ತಾ ಕುಂತಿದ್ದೆ. ನೋವು ಬಂದಾಗ್ಲೂ ಕಾರ್ಡಿಲ್ದೆ ಎಂಗೋಗದು ಅಂತ ಸುಮ್ಕಾದೆ," ಅಂದಿತು.

ಕರೆದುಕೊಂಡು ಬಂದೆ. ಪೊರೆ ಬಲಿತು, ಕಣ್ಣಿನೊಳಗೆ ಒತ್ತಡ ಏರಿ ನರವೇ ಸತ್ತಿದೆ, ಇನ್ನು ಆ ಕಣ್ಣು ಬರುವುದಿಲ್ಲ ಎಂದರು ಡಾಕ್ಟರು. ನನ್ನ ಕೈ ಹಿಡಿದುಕೊಂಡೇ ಬಸ್ಸಿನವರೆಗೂ ನಡೆದ ಅಜ್ಜಿ, "ನೀನಾದ್ರೂ ಬಂದ್ಯಲ್ಲಪ್ಪ" ಅಂದಿತು. ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ.

ಮೊನ್ನೆ ಸೋಮವಾರ ದೊಡ್ಡ ಡಾಕ್ಟರ ಮುಂದೆ, ಎಲ್ಲ ಸಿಬ್ಬಂದಿಯ ಎದುರಿಗೆ, ಪುಸ್ತಕ ತೆರೆದು ಸುಳ್ಳು ಅಂಕಿಗಳನ್ನು ತೋರಿಸಿದೆ. ತಪ್ಪು ಜಯಕ್ಕನದಲ್ಲ, ನನ್ನದು ಎಂದೆ. ಡಾಕ್ಟರು ಪುಸ್ತಕ ಮುಚ್ಚಿ, "ಆಯಮ್ಮ ಇದ್ದಾಗ ಹೇಳ್ಬೇಕಿತ್ತು ಕಣಯ್ಯ," ಅಂದರು.

ಕೆಲಸ ಇರುತ್ತದೋ ಹೋಗುತ್ತದೋ ಗೊತ್ತಿಲ್ಲ. ಕಾಳಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ. ಆ ಅಜ್ಜಿ ನನ್ನನ್ನು ಪುಣ್ಯವಂತ ಎಂದುಕೊಂಡಿದೆ. ನಾಳೆ ಬೆಳಗಿನ ಬಸ್ಸಿಗೆ ದೇವಲಾಪುರಕ್ಕೆ ಹೋಗುತ್ತೇನೆ ಅಕ್ಕ, ಅಜ್ಜಿಯ ಎದುರು ಕೂತು ಹೇಳುತ್ತೇನೆ.

ನಿಮ್ಮ
ರಮೇಶ