ಬಾಸ್ಟರ್ಡ್ ಅನ್ನಿಸಿಕೊಳ್ಳದವನು

ಮಾರ್ಚ್ 4, ಮಂಗಳವಾರ

ಹೊರದೇಶದಿಂದ ಬಂದ ಹೊಸ ಇಂಜಿನಿಯರ್ ಇವತ್ತು ನಮ್ಮ ಚುಕ್ಕಿಯನ್ನು ಎಲ್ಲರೆದುರು ‘ಬಾಸ್ಟರ್ಡ್’ ಎಂದ. ಹುಟ್ಟನ್ನೇ ಹಳಿಯುವ ಮಾತು. ಚುಕ್ಕಿ ಕ್ರೇನ್ ಓಡಿಸುವವಳು; ಅಷ್ಟೆತ್ತರದಲ್ಲಿ ಕೂತರೆ ಕೆಳಗಿನಿಂದ ಚುಕ್ಕಿಯಷ್ಟೇ ಕಾಣುತ್ತಾಳೆ. ದೈತ್ಯ ಬಾಯ್ಲರನ್ನು ಒಂದು ಚೂರೂ ಅಲುಗದಂತೆ ಇಳಿಸಿದ್ದಳು. ಅದಕ್ಕೆ ಈ ಬಹುಮಾನ!

ಅವಳು ನಕ್ಕಳು. ಹಲ್ಲೆಲ್ಲ ಕಾಣುವ ಹಾಗೆ.

ಭಯದ ನಗು. ದಾಸ್ಯ ನಗುವಿನ ವೇಷದಲ್ಲೂ ಬರುತ್ತದೆ — ಯೂನಿಯನ್ ಕರಪತ್ರದಲ್ಲಿ ಓದಿದ್ದೇನೆ. ನೇರ ಹೋಗಿ ಮ್ಯಾನೇಜರಿಗೆ ದೂರು ಕೊಟ್ಟೆ.

ಮಾರ್ಚ್ 5

ಮತ್ತೆ ಅದೇ ಮಾತು, ಅದೇ ನಗು. ಈ ಸಲ ಇವಳೂ ತಿರುಗಿಸಿ ಅಂದಳು. ಅವನಿಗೆ ಖುಷಿಯೋ ಖುಷಿ. ಎಷ್ಟು ತಿಂಗಳಿಂದ ಅವಳಿಗೆ ಕರಪತ್ರ ಓದಿ ಹೇಳುತ್ತಿದ್ದೇನೆ... ನಕ್ಕಿದ್ದಾಳೆಯೇ? ಆಕಳಿಸಿದ್ದಾಳೆ.

ನನ್ನನ್ನು ಮಾತ್ರ ‘ಮೇಟ್’ ಅನ್ನುತ್ತಾನೆ. ಗೆಳೆಯ ಎಂದರ್ಥ. ಗೌರವವಿದೆ.

ಮನೆ ಸೇರುವಷ್ಟರಲ್ಲಿ ಊಟ ಆರಿಹೋಗಿತ್ತು. ಅತ್ತಿಗೆ: “ಒಲೆ ಮತ್ತೆ ಹಚ್ಚಲ್ಲಪ್ಪ. ನಿನ್ನ ಹೊಟ್ಟೇಲಿ ಕಿಚ್ಚಿದೆಯಲ್ಲ, ಅಲ್ಲೇ ಬಿಸಿ ಮಾಡ್ಕೋ.”

ಮಾರ್ಚ್ 8

ಕ್ರೇನ್ ಏಣಿಯ ಬುಡದಲ್ಲಿ ಚುಕ್ಕಿ ಅಡ್ಡಗಟ್ಟಿದಳು.

“ದೂರು ಕೊಟ್ಟೋನು ನೀನೇನಾ?”

“ಅವನು ನಿನ್ನ ಹುಟ್ಟಿಗೇ—”

“ಲೋ ಪೆದ್ದ, ಅವನೂರಿನ ಇಂಗ್ಲಿಷಲ್ಲಿ ಅದು ಮುದ್ದು ಕಣೋ. ಹಳೇ ಇಂಜಿನಿಯರ್ ಅಂದಿದ್ರೆ ನಾನೇ ಕಪಾಳಕ್ಕೆ ಬಿಡ್ತಿದ್ದೆ. ಆ ಹಳಬನ ಊರೇ ಬೇರೆ, ಅಲ್ಲಿ ಅದು ಬೈಗುಳ. ಇವನು ಮೆಚ್ಚಿದವರನ್ನ ಹಾಗಂತಾನೆ.”

“ನನ್ನನ್ನ ಮೇಟ್ ಅಂತಾನಲ್ಲ?”

ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬೆರಳ ಸಂದಿಯಲ್ಲಿ ಸೋರಿತು.

“ತಲೆ ಕೆಟ್ಟಾಗ ಹಾಗಂತಾನೆ. ‘ಲುಕ್, ಮೇಟ್...’ ಅಂತ, ಹಲ್ಲು ಕಚ್ಚಿ.”

ಹೌದು. ಹಲ್ಲು ಕಚ್ಚಿಯೇ.

“ದೂರು ವಾಪಸ್ ತಗೋ. ಪಾಪ, ಅವನ ಕೆಲಸ ಹೋಗುತ್ತೆ.”

ಪಾಪ ಅಂತೆ!

ಮಾರ್ಚ್ 14, ಶುಕ್ರವಾರ

ವಾಪಸ್ ಪಡೆದಿಲ್ಲ. ತತ್ವದ ಪ್ರಶ್ನೆ ಎಂದು ಚುಕ್ಕಿಗೆ ಹೇಳಿಕಳಿಸಿದೆ. ತತ್ವವಂತೆ... ಬೈಗುಳವಾಗಿದ್ದರೆ ಸಹಿಸುತ್ತಿದ್ದೆ. ಮುದ್ದು ಎಂದು ತಿಳಿದ ಮೇಲೇ ಮೈಯೆಲ್ಲ ಉರಿ. ಇವತ್ತು ಅವನೆದುರು ಬೇಕೆಂದೇ ಸ್ಪ್ಯಾನರ್ ಸೊಗಸಾಗಿ ತಿರುಗಿಸಿದೆ. ಬೇಡಿದ ಮಾತು ಬರಲಿಲ್ಲ. “ಥ್ಯಾಂಕ್ಸ್, ಮೇಟ್.”

ಮ್ಯಾನೇಜರ್ ಕೇಳುವುದು ಒಂದೇ ಅಂತೆ: ಅವನು ಅಂದದ್ದು ಬೈಗುಳವೋ, ಅಲ್ಲವೋ? ಚುಕ್ಕಿ ಸಂಜೆ ಗೇಟಿನ ಬಳಿ ಮುಖ ನೋಡದೆ ಹೇಳಿ ಹೋದಳು: “ಅಲ್ಲಿ ಬೈಗುಳ ಅಂತ ಸುಳ್ಳು ಹೇಳಿ ನೋಡು. ಆಮೇಲೆ ನಾನೂ ನಿನ್ನನ್ನ ಮೇಟ್ ಅಂತೀನಿ.”

ಮೊದಲು ನನ್ನನ್ನೇ ಕರೆಯುತ್ತಾರೆ. ಮ್ಯಾನೇಜರ್ ರೂಮು. ಸೋಮವಾರ, ಬೆಳಿಗ್ಗೆ ಹತ್ತು ಗಂಟೆ—