ಒಂದೇ ಪ್ರತಿಯಲ್ಲಿದ್ದ ತಪ್ಪು

ಬೆಟಗೇರಿ, ಫೆಬ್ರುವರಿ ೩೦, ೨೧೪೩

ನೂರಕ್ಕೂ ಹೆಚ್ಚು ವರ್ಷ ಹಿಂದೆ ಇರುವ ನಿಮಗೆ ವಂದನೆ.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ, ಆಗ ಎಲ್ಲರ ದಾಖಲೆಗಳ ತಪಾಸಣೆ ನಡೆಯುತ್ತದೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಾಣಬಹುದು. ಕ್ಷಮಿಸಿ, ಬಂದ ಹಾಗೆ ಅವುಗಳ ಅರ್ಥ ಹೇಳುತ್ತ ಹೋಗುತ್ತೇನೆ. ನನ್ನ ಹೆಸರು ದಾಕ್ಷಾಯಣಿ ಹೊಂಬಳ, ವಯಸ್ಸು ಅರವತ್ತೊಂದು. ನೇಕಾರರ ಸಂಘದಲ್ಲಿ ನೇಯ್ದ ಬಟ್ಟೆಯ ದೋಷ ಹುಡುಕುವುದು ನನ್ನ ಕೆಲಸವಾಗಿತ್ತು. ಬಿಡುವಿನಲ್ಲಿ ದೂರದೇಶಗಳ ಕಾದಂಬರಿಗಳನ್ನು ಕನ್ನಡ ಅನುವಾದದಲ್ಲಿ ಓದುತ್ತೇನೆ.

ನಾವು ಓದುವುದು ಕಣ್ಣುಹಲಗೆಯಲ್ಲಿ. ಅದು ಪುಟ ತೋರಿಸುತ್ತದೆ, ನಮ್ಮ ಕಣ್ಣು ಯಾವ ಸಾಲಿನಲ್ಲಿ ಎಷ್ಟು ಹೊತ್ತು ನಿಂತಿತೆಂದು ಗುರುತಿಟ್ಟುಕೊಂಡು ಹಕ್ಕುಮನೆಗೆ ಕಳಿಸುತ್ತದೆ. ಯಾವ ಪುಸ್ತಕ, ಹಾಡು, ಚಿತ್ರ ಯಾರಿಗೆ ಸಿಗಬೇಕೆಂದು ತೀರ್ಮಾನಿಸುವ ಕಚೇರಿಯೇ ಹಕ್ಕುಮನೆ. ಇದೆಲ್ಲ ಶುರುವಾದದ್ದು ನಿಮ್ಮ ಕಾಲದಲ್ಲಿ, ಕಳ್ಳಪ್ರತಿ ಹಂಚುವವರನ್ನು ಹಿಡಿಯಲು, ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಒಂದು ಜಾಲತಾಣ ಮುಚ್ಚಿಸಿದರೆ ಹತ್ತು ತೆರೆಯುತ್ತಿದ್ದವಂತೆ. ಕೊನೆಗೆ ತಾಣಗಳ ಬೆನ್ನು ಹತ್ತುವುದನ್ನು ಬಿಟ್ಟು ಓದುವವರ, ನೋಡುವವರ ಮೇಲೆಯೇ ಕಣ್ಣಿಟ್ಟರಂತೆ. ಅನುವಾದಕರ ಶ್ರಮವನ್ನು ಕದಿಯುವುದು ಸರಿ ಎಂದು ನಾನು ಹೇಳಲಾರೆ. ಆದರೆ ನಾನೊಮ್ಮೆ ಜೈಲಿನ ಒಂದು ವರ್ಣನೆಯ ಮೇಲೆ ಕಣ್ಣು ನಿಲ್ಲಿಸಿದ್ದಕ್ಕೆ ಅಧಿಕಾರಿಯೊಬ್ಬರು ಮನೆಗೆ ಬಂದರು. ಚಹಾ ಕುಡಿದು, 'ಹನ್ನೊಂದು ಸೆಕೆಂಡ್ ನಿಂತೀರಲ್ರೀ ಅಮ್ಮಾ, ಒಳಗ ಯಾರರ ನಿಮ್ಮವರು ಅದಾರೇನು?' ಎಂದು ನಗುತ್ತ ಕೇಳಿದರು. ಮಾತು ಚೆನ್ನಾಗಿದೆ ಎಂದು ನಿಂತೆ ಎಂದರೆ ಅವರು ನಂಬಲಿಲ್ಲ. ಅಂದಿನಿಂದ ಹಲಗೆಯಲ್ಲಿ ಎಲ್ಲ ಸಾಲುಗಳನ್ನೂ ಒಂದೇ ವೇಗದಲ್ಲಿ ದಾಟುವುದನ್ನು ರೂಢಿಸಿಕೊಂಡೆ. ಅದನ್ನು ಓದು ಎನ್ನುವುದು ಕಷ್ಟ.

ನಿಧಾನವಾಗಿ ಓದಲು ನನಗೆ ದಾರಿ ಮಾಡಿಕೊಟ್ಟವಳು ಕಸ್ತೂರೆಕ್ಕ. ನಮ್ಮ ಓಣಿಯ ಕೊನೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ, ವಯಸ್ಸು ಎಪ್ಪತ್ತು ದಾಟಿದೆ. ನಲವತ್ತು ಮನೆಗಳಿಗೆ ಅವಳ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಹೋಗುತ್ತದೆ. ಮರುದಿನ ಬಟ್ಟೆ ತೊಳೆದು ಹಿಂದಿರುಗಿಸುವುದು ಪದ್ಧತಿ. ಅವುಗಳಲ್ಲಿ ಏಳು ಬಟ್ಟೆಗಳ ಅಂಚಿನೊಳಗೆ ಜೋಳದ ಕಾಳಿಗಿಂತ ಚಿಕ್ಕದಾದ ನೆನಪುಕಾಳು ಹೊಲಿದಿರುತ್ತಿತ್ತು. ಒಂದು ಕಾಳಿನಲ್ಲಿ ಒಂದು ಪುಸ್ತಕ. ಜಾಲದ ಸಂಪರ್ಕವಿಲ್ಲದ ಹಳೆಯ ಯಂತ್ರಕ್ಕೆ ಅದನ್ನು ಹಾಕಿದರೆ ಓದಬಹುದು, ಕಣ್ಣು ಎಲ್ಲಿ ನಿಂತರೂ ಕೇಳುವವರಿಲ್ಲ. ತನಗೆ ಅನುಮತಿಯಿಂದ ಬಂದ ಪುಸ್ತಕಗಳನ್ನೇ ಅವಳು ಹೀಗೆ ನಕಲು ಮಾಡುತ್ತಿದ್ದಳು. 'ಸಾವಕಾಶ ಓದವ್ವಾ ದಾಕ್ಷೀ, ರೊಟ್ಟಿ ಆರಿದ್ರೂ ಬುಕ್ಕ್ ಆರೂದಿಲ್ಲ' ಎನ್ನುತ್ತಿದ್ದಳು.

ಕಳೆದ ತಿಂಗಳು ಅವಳ ಕಾಳಿನಲ್ಲಿ ಉತ್ತರದ ಒಂದು ದ್ವೀಪದ ಕಾದಂಬರಿ ಬಂತು. ಉಪ್ಪು ತೂಗುವ ಒಬ್ಬ ಮುದುಕನ ಕಥೆ. ಮೂರನೆಯ ಅಧ್ಯಾಯದಲ್ಲಿ ಅವನ ಬಲಗಾಲು ಕುಂಟು, ಒಂಬತ್ತನೆಯದರಲ್ಲಿ ಎಡಗಾಲು. ಅಷ್ಟು ಒಳ್ಳೆಯ ಅನುವಾದದಲ್ಲಿ ಇಂಥ ತಪ್ಪು ಉಳಿಯಬಾರದು ಎನಿಸಿತು. ಆ ಪುಸ್ತಕಕ್ಕೆ ನನಗೂ ಅನುಮತಿಯಿತ್ತು, ನನ್ನ ಹಲಗೆಯಲ್ಲಿಯೂ ಅದು ಇತ್ತು. ಹಾಗಾಗಿ ಭಯವಿಲ್ಲದೆ ಹಕ್ಕುಮನೆಯ ತಿದ್ದುಪಡಿ ವಿಭಾಗಕ್ಕೆ ಹೆಸರು ಹಾಕಿ ಪತ್ರ ಬರೆದೆ. ನನ್ನ ಹಲಗೆಯ ಪ್ರತಿಯನ್ನು ಮಾತ್ರ ತೆರೆದು ನೋಡಲಿಲ್ಲ. ಮುದುಕನ ಕಾಲಿನ ಮೇಲೆ ಕಣ್ಣಿಟ್ಟದ್ದಕ್ಕೂ ಕಾರಣ ಹೇಳಬೇಕಾದೀತೆಂದು ಸುಮ್ಮನಾದೆ.

ಎಂಟನೆಯ ದಿನ ಉತ್ತರ ಬಂತು. 'ತಾವು ಸೂಚಿಸಿದ ತಪ್ಪು ಒಂದೇ ಒಂದು ಪ್ರತಿಯಲ್ಲಿದೆ. ತಮ್ಮ ಸಹಕಾರಕ್ಕೆ ಕೃತಜ್ಞತೆಗಳು.' ಆಮೇಲೆ ತಿಳಿಯಿತು: ಅನುಮತಿ ಪಡೆದ ಪ್ರತಿಯೊಬ್ಬರ ಪ್ರತಿಯಲ್ಲಿಯೂ ಹಕ್ಕುಮನೆಯವರು ಬೇಕೆಂದೇ ಒಂದು ಸಣ್ಣ ತಪ್ಪು ಸೇರಿಸಿರುತ್ತಾರೆ. ಒಬ್ಬರ ತಪ್ಪು ಇನ್ನೊಬ್ಬರಲ್ಲಿ ಇರುವುದಿಲ್ಲ. ನಕಲು ಎಲ್ಲಿ ಸಿಕ್ಕರೂ ಅದು ಯಾರಿಂದ ಹೊರಬಿತ್ತೆಂದು ಗೊತ್ತಾಗುವುದು ಹಾಗೆ. ಎಡಗಾಲು ಕಸ್ತೂರೆಕ್ಕನ ಪ್ರತಿಯದು.

ಅದೇ ದಿನ ಅವಳ ಹೆಸರು ಇಳಿಸಿದರು. ನಮ್ಮಲ್ಲಿ ಜೈಲು ಕಡಿಮೆ, ಹೆಸರು ಇಳಿಸುವುದೇ ಶಿಕ್ಷೆ. ಹೆಸರು ಇಳಿದವರನ್ನು ಯಾವ ಯಂತ್ರವೂ ಗುರುತಿಸುವುದಿಲ್ಲ. ಬಸ್ಸಿನ ಬಾಗಿಲು ತೆರೆಯುವುದಿಲ್ಲ, ಪಡಿತರದ ಕಟ್ಟೆಯಲ್ಲಿ ಜೋಳ ಸುರಿಯುವುದಿಲ್ಲ, ಆಸ್ಪತ್ರೆಯಲ್ಲಿ ಚೀಟಿ ಹುಟ್ಟುವುದಿಲ್ಲ. ಕಸ್ತೂರೆಕ್ಕ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುವವಳು. ಒಬ್ಬರ ಔಷಧಿ ಇನ್ನೊಬ್ಬರಿಗೆ ಸಿಗುವಂತಿಲ್ಲ. ಅವಳ ಬಳಿ ಇನ್ನು ನಾಲ್ಕು ದಿನಕ್ಕಾಗುವಷ್ಟಿದೆ.

ನಾನು ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

'ಕಾಲು ಯಾವುದಾದರ ನಿನಗೇನಾಗಬೇಕಾಗಿತ್ತ, ಹುಚ್ಚಿ? ನೀ ಏನ್ ಅಂವಗ ಚಪ್ಲಿ ಹೊಲಿಯಾಕಿದ್ದೇನು?'

ನಾನು ಅತ್ತೆ. ಅವಳು ನಕ್ಕಳು, ಆಮೇಲೆ, 'ಉಳಿದ ಆರು ಮನಿ ಹೆಸರು ಬಾಯಿ ಬಿಟ್ಟಿಲ್ಲಲ್ಲಾ?' ಎಂದಳು. ಇಲ್ಲ ಎಂದೆ. 'ಅಷ್ಟ ಸಾಕು.'

ಹಕ್ಕುಮನೆಯ ನಿಯಮಗಳನ್ನು ಮೂರು ಬಾರಿ ಓದಿದ್ದೇನೆ. ಮಾಲೀಕರಿಗೆ ತಿಳಿಯದಂತೆ ಪ್ರತಿ ಕಳುವಾಗಿದ್ದರೆ, ಕದ್ದವರು ತಾವಾಗಿ ಒಪ್ಪಿಕೊಂಡರೆ, ಎರಡು ದಿನದೊಳಗೆ ಮಾಲೀಕರ ಹೆಸರು ಏರುತ್ತದೆ, ಕದ್ದವರದು ಇಳಿಯುತ್ತದೆ. ರೊಟ್ಟಿ ಒಯ್ಯಲು ಹೋದಾಗ ಅವಳ ಹಲಗೆಯಿಂದ ನಾನೇ ಕದ್ದೆ ಎಂದು ನಾಳೆ ಬರೆದುಕೊಡುತ್ತೇನೆ. ಆ ಪ್ರತಿ ನನ್ನ ಕೈಯಲ್ಲಿತ್ತೆಂಬುದಕ್ಕೆ ಸಾಕ್ಷಿಯನ್ನು ನಾನೇ ಸಹಿ ಹಾಕಿ ಕಳಿಸಿದ್ದೇನೆ. ನನಗೆ ಕಾಯಿಲೆಗಳಿಲ್ಲ, ಕೆಲವು ತಿಂಗಳು ನಡೆದೀತು. ಕಸ್ತೂರೆಕ್ಕನಿಗೆ ಹೇಳಿಲ್ಲ. ಹೇಳಿದರೆ ನನಗಿಂತ ಮೊದಲೇ ಹೋಗಿ ಬೇರೆ ಏನಾದರೂ ಒಪ್ಪಿಕೊಂಡಾಳು.

ನಿಮ್ಮಲ್ಲಿ ಒಂದು ಕೋರಿಕೆ. 'ಕಳ್ಳರನ್ನು ಹಿಡಿಯಲು ನೀವು ಏನು ಓದುತ್ತೀರಿ, ಯಾರಿಗೆ ಕೊಡುತ್ತೀರಿ ಎಂದು ಗಮನಿಸುತ್ತೇವೆ, ಒಪ್ಪಿಗೆ ಕೊಡಿ' ಎಂದು ನಿಮ್ಮನ್ನು ಕೇಳುತ್ತಾರೆ. ಕೇಳುವವರು ಸಭ್ಯರೇ ಆಗಿರುತ್ತಾರೆ, ಅವರ ದೂರಿನಲ್ಲಿ ನಿಜವೂ ಇರುತ್ತದೆ. ಅನುವಾದಕರ ಅನ್ನಕ್ಕೆ ಬೇರೆ ದಾರಿ ಹುಡುಕಿ. ಒಪ್ಪಿಗೆ ಮಾತ್ರ ಕೊಡಬೇಡಿ. ನಿಮ್ಮನ್ನಾದರೂ ಕೇಳುತ್ತಾರೆ. ನಮ್ಮನ್ನು ಯಾರೂ ಕೇಳಲಿಲ್ಲ, ನೀವು ಕೊಟ್ಟ ಒಪ್ಪಿಗೆಯೇ ನಮಗೂ ಸಾಕೆಂದು ತಿಳಿದರು.

ಇಂದು ಸಂಜೆ ಅವಳ ಮನೆಗೆ ನನ್ನ ಪಡಿತರದ ಜೋಳ ಕೊಟ್ಟು ಬಂದೆ. ಹೊರಡುವಾಗ, 'ನಾಳೆ ಬರ್ತಿಯಿಲ್ಲೋ? ಬಿಸಿ ರೊಟ್ಟಿ ಹಾಕತೀನಿ' ಎಂದಳು. ಬರುತ್ತೇನೆ ಎಂದೆ. ನಾಳೆ ಬರೆದುಕೊಟ್ಟ ಮೇಲೆ ನಾನು ಹೆಸರು ಇಳಿದವಳು, ಅಂಥವರ ಜೊತೆ ಊಟಕ್ಕೆ ಕುಳಿತರೆ ಅವಳ ಹೆಸರು ಏರಿದರೂ ಮತ್ತೆ ಇಳಿಯುತ್ತದೆ. ಆದ್ದರಿಂದ ನಾನು ಹೋಗುವುದಿಲ್ಲ.

ದಾಕ್ಷಾಯಣಿ ಹೊಂಬಳ